ಎಲ್ಲರೂ ದುಡ್ಡು ಹಾಕಿದ್ದಾರೆ, ನಾನೂ ಹಾಕಲಾ? ಸ್ಕೀಮಿಗೆ ಸೇರುವ ಮುಂಚೆ ಸ್ವಂತ ತಲೆ ಓಡಿಸುವ ಕ್ರಮ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಹೀಗಿರುತ್ತದೆ: "ನಮ್ಮ ಭಾವ ಒಂದು ಸ್ಕೀಮಿಗೆ ದುಡ್ಡು ಹಾಕಿದ್ದಾರೆ. ಒಂದೂವರೆ ವರ್ಷದಿಂದ ತಿಂಗಳು ತಪ್ಪದೆ ಬಡ್ಡಿ ಬರ್ತಿದೆ. ಚಿಕ್ಕಪ್ಪನೂ ಹಾಕಿದ್ದಾರೆ, ಆಫೀಸಿನಲ್ಲಿ ಅರ್ಧ ಜನ ಹಾಕಿದ್ದಾರೆ. ನನಗ್ಯಾಕೋ ಧೈರ್ಯ ಬರ್ತಿಲ್ಲ. ಹಾಕಲಾ, ಬೇಡ್ವಾ?" ಒಮ್ಮೆ ಅದು ಚಿನ್ನದ ಸ್ಕೀಮ್ ಆಗಿರುತ್ತದೆ, ಒಮ್ಮೆ ಸೈಟಿನದು, ಈಗೀಗ ಕ್ರಿಪ್ಟೋ ಅಥವಾ ಷೇರು ಟ್ರೇಡಿಂಗ್ ಗ್ರೂಪು. ಪ್ರಶ್ನೆ ಮಾತ್ರ ಅದೇ.

ಈ ಪ್ರಶ್ನೆಯನ್ನು ಇನ್ನೊಂದು ಸಲ ಓದಿ. ಕಂಪನಿ ಏನು ವ್ಯಾಪಾರ ಮಾಡುತ್ತದೆ, ಯಾರ ಅನುಮತಿ ಇದೆ, ದುಡ್ಡು ಎಲ್ಲಿ ಹೋಗುತ್ತದೆ ಅನ್ನುವ ಒಂದು ಸಾಲೂ ಇದರಲ್ಲಿಲ್ಲ. ಇರುವುದು ಬರೀ ನೆಂಟರ ಪಟ್ಟಿ. ಮೋಸ ಹೋದವರ ಕಥೆಗಳಲ್ಲಿ ದುರಾಸೆಯನ್ನು ಎಲ್ಲರೂ ಬೈಯುತ್ತಾರೆ. ನನ್ನ ಪ್ರಕಾರ ದುರಾಸೆಗಿಂತ ಜಾಸ್ತಿ ಕೆಲಸ ಮಾಡುವುದು ದಾಕ್ಷಿಣ್ಯ. ಬೇಡ ಅಂದರೆ ಭಾವನನ್ನೇ ನಂಬಲಿಲ್ಲ ಅಂದಹಾಗೆ ಆಗುತ್ತದಲ್ಲ ಅನ್ನುವ ಮುಜುಗರ. ಆಮೇಲೆ ಆ ಮುಜುಗರಕ್ಕೆ ಮನಸ್ಸೇ ಒಳ್ಳೊಳ್ಳೆ ಕಾರಣಗಳನ್ನು ಹುಡುಕಿಕೊಡುತ್ತದೆ. ಹಾಗಾಗಿ ಲೆಕ್ಕ ಮಾತ್ರ ಕಲಿತರೆ ಸಾಲದು, ಲೆಕ್ಕವನ್ನು ಯಾವಾಗ, ಎಲ್ಲಿ ಕೂತು ಮಾಡಬೇಕು ಅನ್ನುವುದೂ ಗೊತ್ತಿರಬೇಕು.

ಏನೇನು ಬೇಕು?

ಒಂದು ಹಾಳೆ, ಪೆನ್ನು, ಇಂಟರ್ನೆಟ್ ಇರುವ ಫೋನು. ಮೂರ್ನಾಲ್ಕು ದಿನದ ಸಮಯ. ಜೊತೆಗೆ ಆ ಸ್ಕೀಮಿನಲ್ಲಿ ಒಂದು ರೂಪಾಯಿಯನ್ನೂ ಹಾಕದ, ನೀವು ಹಾಕಿದರೂ ಬಿಟ್ಟರೂ ಏನೂ ಲಾಭವಿಲ್ಲದ ಒಬ್ಬ ಪರಿಚಯಸ್ಥರು. "ಇವತ್ತೇ ಕೊನೇ ದಿನ, ನಾಳೆಯಿಂದ ರೇಟು ಕಮ್ಮಿ" ಅಂತ ಯಾರಾದರೂ ಹೇಳಿದರೆ ಮುಂದೆ ಓದುವ ಅಗತ್ಯವೇ ಇಲ್ಲ. ಅವತ್ತಿನ ಮಟ್ಟಿಗೆ ಉತ್ತರ ಬೇಡ ಅಂತಲೇ. ಯೋಚಿಸಲು ಸಮಯ ಕೊಡದ ಹೂಡಿಕೆ ನಿಮಗೆ ಬೇಕಾಗಿಲ್ಲ.

ಹಂತ 1: ಸ್ಕೀಮಿನವರ ಮೀಟಿಂಗಿಗೆ ಹೋಗುವ ಮುಂಚೆ ನಿಮ್ಮ ಉತ್ತರ ಬರೆದಿಡಿ

ಹಾಳೆಯ ಮೇಲೆ ಮೂರು ಸಾಲು ಸಾಕು. ಈ ಸ್ಕೀಮಿನ ಬಗ್ಗೆ ನನಗೆ ಗೊತ್ತಿರುವುದು ಏನು, ಗೊತ್ತಿಲ್ಲದ್ದು ಏನು, ಯಾರೂ ಒತ್ತಾಯ ಮಾಡದಿದ್ದರೆ ಇಷ್ಟು ದುಡ್ಡು ಹಾಕುತ್ತಿದ್ದೆನಾ. ತಾರೀಖು ಹಾಕಿ ಮಡಿಸಿಡಿ.

ಇದು ಸುಮ್ನೆ ಹೇಳಿದ ಮಾತಲ್ಲ. 1950ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಪ್ರಯೋಗ ಮಾಡಿದರು. ಒಂದು ಕಾರ್ಡಿನಲ್ಲಿ ಒಂದು ಗೆರೆ. ಇನ್ನೊಂದರಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆ. ಮೊದಲಿನದಕ್ಕೆ ಸಮನಾದದ್ದು ಯಾವುದು ಅಂತ ಗುಂಪಿನಲ್ಲಿ ಒಬ್ಬೊಬ್ಬರಾಗಿ ಜೋರಾಗಿ ಹೇಳಬೇಕು. ಮಕ್ಕಳೂ ಹೇಳಬಹುದಾದ ಉತ್ತರ. ಆದರೆ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆಶ್ ಅವರ ಕಡೆಯವರು. 18 ಸುತ್ತುಗಳಲ್ಲಿ 12 ಸಲ ಅವರೆಲ್ಲ ಬೇಕಂತಲೇ ಒಂದೇ ತಪ್ಪು ಉತ್ತರ ಕೊಟ್ಟರು. ಪಾಪ, ಆ ಒಬ್ಬನ ಪಾಡು ನೋಡಿ. ಹೀಗೆ ಕೂತ ನಾಲ್ವರಲ್ಲಿ ಮೂವರು ಒಂದು ಸಲವಾದರೂ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಮಾತನ್ನೇ ಹೇಳಿದರು. ಅದೇ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ತಪ್ಪು ನೂರಕ್ಕೆ ಒಂದೂ ಇರಲಿಲ್ಲ. ಬಾಯಲ್ಲಿ ಹೇಳುವ ಬದಲು ಹಾಳೆಯಲ್ಲಿ ಬರೆಯಲು ಬಿಟ್ಟಾಗಲೂ ಗುಂಪಿನ ಜೊತೆ ಹೋಗುವುದು ಬಹಳ ಕಡಿಮೆಯಾಯಿತು.

ಬರೆದಿಡಿ ಅನ್ನುವುದು ಇದಕ್ಕೇ. ಹೋಟೆಲಿನ ಹಾಲಿನಲ್ಲಿ ಊಟ ಹಾಕಿಸಿ, ಸ್ಟೇಜ್ ಮೇಲೆ ಕಾರಿನ ಕೀ ಕೊಟ್ಟು, ಜನ ಚಪ್ಪಾಳೆ ತಟ್ಟುವಾಗ ನಿಮಗೆ ಹೊಳೆಯುವ ಉತ್ತರ ನಿಮ್ಮದಾಗಿರುವುದಿಲ್ಲ. ಗೆರೆಯ ಉದ್ದದಲ್ಲೇ ಎಡವುವ ನಾವು, ಅಷ್ಟು ಸುಲಭವಾಗಿ ಕಣ್ಣಿಗೆ ಕಾಣದ ಹಣದ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲುತ್ತೇವಾ?

ಎಡವುವ ಜಾಗ: ಮೀಟಿಂಗ್ ಮುಗಿಸಿ ಬಂದು ಬರೆಯುವುದು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹಂತ 2: ಭಾವನನ್ನೂ ಕಂಪನಿಯನ್ನೂ ಬೇರೆ ಮಾಡಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ: "ಹೇಳಿದವರು ಒಳ್ಳೆಯವರಾ?" ಬಲಕ್ಕೆ: "ಕಂಪನಿ ಈ ದುಡ್ಡನ್ನು ಎಲ್ಲಿಂದ ತಂದು ಕೊಡುತ್ತದೆ?" ನಿಮಗೆ ಗೊತ್ತಿರುವ ಪ್ರತಿಯೊಂದು ಸಂಗತಿಯನ್ನೂ ಯಾವುದಾದರೂ ಒಂದು ಕಡೆ ಬರೆಯಿರಿ. ಭಾವ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು: ಎಡಕ್ಕೆ. ಮಾಲೀಕರು ದೇವಸ್ಥಾನಕ್ಕೆ ದಾನ ಕೊಟ್ಟಿದ್ದಾರೆ: ಎಡಕ್ಕೆ. ಮಂತ್ರಿಗಳು ಬಂದು ಶೋರೂಮ್ ಉದ್ಘಾಟಿಸಿದರು: ಎಡಕ್ಕೆ. ಸಾಮಾನ್ಯವಾಗಿ ಎಡಗಡೆ ತುಂಬಿ ಹಾಳೆ ತಿರುಗಿಸಬೇಕಾಗುತ್ತದೆ, ಬಲಗಡೆ ಖಾಲಿ.

"ಆದರೆ ಬಡ್ಡಿ ಬರ್ತಾ ಇದೆಯಲ್ಲ! ಅದು ಬಲಕ್ಕೆ ಬರಲ್ವಾ?" ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದರೆ ಹೆಚ್ಚಿನವರು ಬೀಳುವುದು ಇಲ್ಲೇ.

ಹತ್ತು ಜನ ತಲಾ 1 ಲಕ್ಷ ಕೊಟ್ಟರು ಅಂದುಕೊಳ್ಳಿ. ಒಟ್ಟು 10 ಲಕ್ಷ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ ಅಂತ ಮಾತು. ಅಂದರೆ ತಿಂಗಳಿಗೆ ಕೊಡಬೇಕಾದ್ದು 50,000. ದುಡ್ಡು ತಗೊಂಡವನು ಏನೂ ಮಾಡದೆ ಮನೆಯಲ್ಲಿ ಕೂತು, ಇವರು ಕೊಟ್ಟ ದುಡ್ಡನ್ನೇ ಇವರಿಗೆ ತಿಂಗಳು ತಿಂಗಳು ವಾಪಸ್ ಕೊಡುತ್ತಾ ಹೋದರೆ ಎಷ್ಟು ದಿನ ನಡೆಯುತ್ತದೆ? 20 ತಿಂಗಳು. ನೂರಕ್ಕೆ ಮೂರು ರೂಪಾಯಿ ಬಡ್ಡಿಯಾದರೆ 33 ತಿಂಗಳು. ಒಂದು ಪೈಸೆ ವ್ಯಾಪಾರವಿಲ್ಲದೆ, ಒಬ್ಬ ಹೊಸ ಮನುಷ್ಯನೂ ಸೇರದೆ. ನಡುವೆ ಹೊಸಬರು ಸೇರುತ್ತಾ ಹೋದರೆ ಇನ್ನೂ ಎಷ್ಟೋ ವರ್ಷ ಓಡುತ್ತದೆ.

ಈಗ ಭಾವನ "ಒಂದೂವರೆ ವರ್ಷದಿಂದ ತಪ್ಪದೆ ಬರ್ತಿದೆ" ಅನ್ನುವ ಮಾತನ್ನು ನೋಡಿ. ಹದಿನೆಂಟು ತಿಂಗಳು. ಅಸಲನ್ನೇ ಬಡ್ಡಿ ಅಂತ ಕೊಟ್ಟರೂ ಅಷ್ಟು ದಿನ ಆರಾಮಾಗಿ ಬರುತ್ತದೆ. ಅಂದರೆ ಆ ಮಾತು ಒಳ್ಳೆ ಕಂಪನಿಗೂ ಹೊಂದುತ್ತದೆ, ಮೋಸದ ಕಂಪನಿಗೂ ಹೊಂದುತ್ತದೆ. ಎರಡಕ್ಕೂ ಹೊಂದುವ ಸಂಗತಿ ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ.

ಹೊಸಬರ ದುಡ್ಡಿನಿಂದ ಹಳಬರಿಗೆ ಲಾಭ ಕೊಡುವ ಈ ಆಟಕ್ಕೆ ಪಾಂಜಿ ಸ್ಕೀಮ್ ಅನ್ನುತ್ತಾರೆ. 1920ರಲ್ಲಿ ಬೋಸ್ಟನ್ ನಗರದಲ್ಲಿ ಚಾರ್ಲ್ಸ್ ಪಾಂಜಿ ಎಂಬುವನು 45 ದಿನಕ್ಕೆ ಶೇ. 50 ಲಾಭ ಕೊಡುತ್ತೇನೆ ಅಂತ ಹೇಳಿ, ಕೆಲವು ತಿಂಗಳು ಕೊಟ್ಟೂ ಇದ್ದ. ಹೇಳಿಕೊಂಡದ್ದು ಅಂಚೆ ಕೂಪನ್ ವ್ಯಾಪಾರ. ಮುಳುಗಿದ್ದು ಅದೇ ವರ್ಷ ಆಗಸ್ಟಿನಲ್ಲಿ. ನಮ್ಮ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ 2006ರಲ್ಲಿ ಶುರುವಾಗಿ 2019ರ ಜೂನ್‌ವರೆಗೆ ನಡೆಯಿತು. ಅದು ಮುಳುಗಿದಾಗ ಶಿವಾಜಿನಗರದ ಕಚೇರಿ ಮುಂದೆ ಸಾವಿರಾರು ಜನ ರಸೀದಿ ಹಿಡಿದು ನಿಂತಿದ್ದರು. ಹದಿಮೂರು ವರ್ಷ ನಡೆದದ್ದು ಗಟ್ಟಿ ಅಂತ ಯಾರಿಗೆ ಅನ್ನಿಸುವುದಿಲ್ಲ ಹೇಳಿ!

ಇದನ್ನು ಒಂದು ಸಮುದಾಯದವರ ಪಾಡು ಅಂತ ನೋಡಬೇಡಿ. ಐಎಂಎ ಧರ್ಮಕ್ಕೆ ಒಪ್ಪುವ ಹೂಡಿಕೆ ಅಂತ ಹೇಳಿ ಮುಸ್ಲಿಮರ ನಡುವೆ ಬೆಳೆಯಿತು. ನ್ಯೂಯಾರ್ಕಿನಲ್ಲಿ ಇದೇ ಪಾಂಜಿ ಆಟ ಆಡಿ 2008ರಲ್ಲಿ ಸಿಕ್ಕಿಬಿದ್ದ ಬರ್ನಾರ್ಡ್ ಮೇಡಾಫ್ ತನ್ನದೇ ಯಹೂದಿ ಸಮುದಾಯದ ದತ್ತಿ ಸಂಸ್ಥೆಗಳ ದುಡ್ಡನ್ನೂ ನುಂಗಿದ್ದ. "ನಮ್ಮವರು" ಅನ್ನುವ ಮಾತು ಎಲ್ಲ ಜಾತಿಯಲ್ಲೂ, ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಇದೆ.

ಹಂತ 3: ಗುಣಾಕಾರ ಮಾಡಿ

ಇದು ಎರಡು ನಿಮಿಷದ ಕೆಲಸ. ತಿಂಗಳಿಗೆ ಶೇ. 3 ಅಂದರೆ ವರ್ಷಕ್ಕೆ ಶೇ. 36. ತಿಂಗಳಿಗೆ ಶೇ. 10 ಕೊಡುತ್ತೇವೆ, ಲಾಭವನ್ನು ಅಲ್ಲೇ ಬಿಟ್ಟು ಬೆಳೆಸಿ ಅನ್ನುವವರೂ ಇದ್ದಾರೆ. ಫೋನಿನ ಕ್ಯಾಲ್ಕುಲೇಟರಿನಲ್ಲಿ ನೋಡಿ: 1 ಲಕ್ಷ ಒಂದು ವರ್ಷಕ್ಕೆ 3.13 ಲಕ್ಷ ದಾಟುತ್ತದೆ, ಐದು ವರ್ಷಕ್ಕೆ 3 ಕೋಟಿ ದಾಟುತ್ತದೆ. ನಂಬುತ್ತೀರಾ?

ಆಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ. ಇಷ್ಟು ಲಾಭ ಬರುವ ವ್ಯಾಪಾರ ನಿಜವಾಗಿ ಇದ್ದರೆ, ಅವರು ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 12ಕ್ಕೋ 14ಕ್ಕೋ ಸಾಲ ತಗೊಂಡು ಮಿಕ್ಕಿದ್ದನ್ನೆಲ್ಲ ತಾವೇ ಇಟ್ಟುಕೊಳ್ಳಬಹುದಿತ್ತು. ನಿಮ್ಮ ಮನೆಗೆ ಬಂದು, ಕಾಫಿ ಕುಡಿದು, ಶೇ. 36 ಕೊಡುತ್ತೇನೆ ಅಂತ ಬೇಡುವುದೇಕೆ? ಬ್ಯಾಂಕಿನವರು ಲೆಕ್ಕಪತ್ರ ಕೇಳುತ್ತಾರೆ. ನೀವು ಕೇಳುವುದಿಲ್ಲ.

ಲಾಭ ಕಡಿಮೆ ಅಂದ ಮಾತ್ರಕ್ಕೆ ಸಾಚಾ ಅಂತಲೂ ಅಲ್ಲ. ಮೇಡಾಫ್ ತೋರಿಸುತ್ತಿದ್ದದ್ದು ತಿಂಗಳಿಗೆ ಶೇ. 1ರ ಆಸುಪಾಸು. ಅಲ್ಲಿ ಅನುಮಾನ ಪಡಬೇಕಾದ್ದು ಬೇರೆ: ಮಾರುಕಟ್ಟೆ ಏರಲಿ ಬೀಳಲಿ, ಲಾಭ ಮಾತ್ರ ಒಂದೇ ಸಮನೆ. ಹ್ಯಾರಿ ಮಾರ್ಕೊಪೊಲಸ್ ಅನ್ನುವ ಹಣಕಾಸು ವಿಶ್ಲೇಷಕ 2000ದಿಂದಲೇ ಇದನ್ನು ಅಲ್ಲಿನ ಷೇರುಪೇಟೆ ನಿಯಂತ್ರಕರಿಗೆ ಬರೆದು ತಿಳಿಸುತ್ತಾ ಬಂದಿದ್ದರು. ಕೇಳಿದವರಿಲ್ಲ.

ಹಂತ 4: ಅನುಮತಿ ಪತ್ರವನ್ನು ನೀವೇ ಹುಡುಕಿ ನೋಡಿ

ಏಜೆಂಟ್ ತೋರಿಸುವ ಫೈಲನ್ನು ಒಮ್ಮೆ ಗಮನವಿಟ್ಟು ನೋಡಿ. ಪ್ಲಾಸ್ಟಿಕ್ ಹಾಳೆಯೊಳಗೆ ಕಂಪನಿ ನೋಂದಣಿ ಪತ್ರ, ಪ್ಯಾನ್ ಕಾರ್ಡ್, ಜಿಎಸ್‌ಟಿ ಪ್ರಮಾಣಪತ್ರ, ಪಾಲಿಕೆಯ ವ್ಯಾಪಾರ ಪರವಾನಗಿ, ಐಎಸ್ಒ ಸರ್ಟಿಫಿಕೇಟು. ಎಲ್ಲವೂ ಅಸಲಿಯೇ ಇರಬಹುದು. ಆದರೆ ಇವುಗಳಲ್ಲಿ ಒಂದೂ ಸಾರ್ವಜನಿಕರಿಂದ ಠೇವಣಿ ತಗೊಳ್ಳಲು ಅನುಮತಿ ಕೊಡುವುದಿಲ್ಲ. ಅಂಗಡಿ ತೆರೆಯುವ ಕಾಗದವೇ ಬೇರೆ, ಊರಿನವರ ದುಡ್ಡು ಇಟ್ಟುಕೊಳ್ಳುವ ಕಾಗದವೇ ಬೇರೆ.

ಯಾವುದಕ್ಕೆ ಯಾರನ್ನು ಕೇಳಬೇಕು?

– ಬ್ಯಾಂಕು ಅಥವಾ ಬ್ಯಾಂಕೇತರ ಹಣಕಾಸು ಕಂಪನಿಯಾದರೆ ರಿಸರ್ವ್ ಬ್ಯಾಂಕ್. ಬ್ಯಾಂಕೇತರ ಕಂಪನಿಗಳಲ್ಲಿ ಎಲ್ಲಕ್ಕೂ ಠೇವಣಿ ತಗೊಳ್ಳುವ ಅನುಮತಿ ಇಲ್ಲ, ಕೆಲವಕ್ಕೆ ಮಾತ್ರ. ಅನುಮತಿ ಇದ್ದವರೂ ಠೇವಣಿಗೆ ವರ್ಷಕ್ಕೆ ಶೇ. 12.5ಕ್ಕಿಂತ ಜಾಸ್ತಿ ಬಡ್ಡಿ ಕೊಡುವಂತಿಲ್ಲ, ಠೇವಣಿ ಇಟ್ಟವರಿಗೆ ಉಡುಗೊರೆ ಕೊಡುವಂತಿಲ್ಲ. ಈ ಒಂದು ಸಂಖ್ಯೆ ನೆನಪಿದ್ದರೂ ಎಷ್ಟೋ ಸ್ಕೀಮುಗಳು ಬಾಗಿಲಲ್ಲೇ ಉದುರುತ್ತವೆ.

– ಷೇರು, ಮ್ಯೂಚುವಲ್ ಫಂಡ್, ಹೂಡಿಕೆ ಸಲಹೆ ಅಂದರೆ ನಮ್ಮ ಷೇರುಪೇಟೆಯ ನಿಯಂತ್ರಕ ಸೆಬಿ. ನೋಂದಾಯಿತರ ಪಟ್ಟಿ ಸೆಬಿಯ ತಾಣದಲ್ಲೇ ಇದೆ.

– ಚೀಟಿ ಅಂದರೆ ರಾಜ್ಯದ ಚಿಟ್ಸ್ ರಿಜಿಸ್ಟ್ರಾರ್. 1982ರ ಚಿಟ್ ಫಂಡ್ಸ್ ಕಾಯ್ದೆ ಪ್ರಕಾರ ಪ್ರತಿ ಚೀಟಿ ಗುಂಪಿಗೂ ಮೊದಲೇ ಮಂಜೂರಾತಿ ಬೇಕು. ಚೀಟಿ ನಡೆಸುವ ಫೋರ್‌ಮನ್‌ನ ಕಮಿಷನ್ ಶೇ. 7ನ್ನು ಮೀರುವಂತಿಲ್ಲ.

– ಸೌಹಾರ್ದ ಅಥವಾ ಪತ್ತಿನ ಸಹಕಾರಿ ಸಂಘವಾದರೆ ಸಹಕಾರ ಇಲಾಖೆ. ಹೆಸರಿನಲ್ಲಿ ಏನೇ ಇರಲಿ, ಇವು ಬ್ಯಾಂಕಲ್ಲ. ಇಲ್ಲಿ ಇಟ್ಟ ದುಡ್ಡಿಗೆ ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಸಿಗುವ ಪರಿಹಾರ, ಇಲ್ಲ.

ರಿಸರ್ವ್ ಬ್ಯಾಂಕ್ ನಡೆಸುವ "ಸಚೇತ್" ಅನ್ನುವ ತಾಣದಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಬಹುದು, ದೂರನ್ನೂ ಕೊಡಬಹುದು. ಏಜೆಂಟ್ ಕಳಿಸಿದ ಲಿಂಕ್ ಒತ್ತಬೇಡಿ, ತಾಣವನ್ನು ನೀವೇ ತೆರೆಯಿರಿ. ಸೆಬಿಯ ಹೆಸರಿನ ನಕಲಿ ಪ್ರಮಾಣಪತ್ರಗಳು ವಾಟ್ಸಾಪಿನಲ್ಲಿ ಧಾರಾಳವಾಗಿ ಓಡಾಡುತ್ತವೆ.

ಎಡವುವ ಜಾಗ: ಅನುಮತಿ ಇದೆ ಅಂದ ತಕ್ಷಣ ಇರುವುದನ್ನೆಲ್ಲ ಒಂದೇ ಕಡೆ ಸುರಿಯುವುದು. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಒಬ್ಬ ಠೇವಣಿದಾರ 35,000ಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಅಂದಿತು. ಅದು ಲೈಸೆನ್ಸ್ ಇದ್ದ ಬ್ಯಾಂಕೇ. ಅಲ್ಲಿ ದುಡ್ಡಿಟ್ಟವರಲ್ಲಿ ಎಷ್ಟೋ ಜನ ನಿವೃತ್ತರು. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ, ಅಸಲು ಬಡ್ಡಿ ಎರಡೂ ಸೇರಿ. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಬೇರೆ ಬ್ಯಾಂಕಿನಲ್ಲಿ ಹಂಚಿಡಿ.

ಹಂತ 5: ನಿಮ್ಮ ಮನಸ್ಸಿಗೆ ಮೊದಲೇ ಷರತ್ತು ಹಾಕಿ

"ಇಂಥದ್ದು ಕಂಡರೆ ನಾನು ಹಾಕುವುದಿಲ್ಲ" ಅಂತ ಹಾಳೆಯ ಮೇಲೆ ಮೂರು ಷರತ್ತು ಬರೆಯಿರಿ. ಉದಾಹರಣೆಗೆ: ಹೊಸಬರನ್ನು ಸೇರಿಸಿದರೆ ಕಮಿಷನ್ ಇದೆ ಅಂದರೆ ಹಾಕುವುದಿಲ್ಲ. ರಿಸರ್ವ್ ಬ್ಯಾಂಕ್, ಸೆಬಿ ಅಥವಾ ಚಿಟ್ಸ್ ರಿಜಿಸ್ಟ್ರಾರ್, ಹೀಗೆ ಕೇಳಬೇಕಾದವರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹಾಕುವುದಿಲ್ಲ. ಲೆಕ್ಕಪರಿಶೋಧನೆಯ ವರದಿ ಕೊಡದಿದ್ದರೆ ಹಾಕುವುದಿಲ್ಲ.

ಮೊದಲೇ ಯಾಕೆ? ವಿಷಯ ಗೊತ್ತಾದ ಮೇಲೆ ಮನಸ್ಸು ತನಗೆ ಬೇಕಾದ ಹಾಗೆ ಷರತ್ತು ಸಡಿಲಿಸಿಕೊಳ್ಳುತ್ತದೆ. "ಪಟ್ಟಿಯಲ್ಲಿ ಹೆಸರಿಲ್ಲ ನಿಜ, ಆದರೆ ಅರ್ಜಿ ಹಾಕಿದ್ದಾರಂತೆ." "ಇರಲಿ, ಸ್ವಲ್ಪ ಹಾಕಿ ನೋಡೋಣ." ಆ ಸ್ವಲ್ಪಕ್ಕೆ ಬಡ್ಡಿ ಬಂದ ದಿನ ಎಫ್‌ಡಿ ಮುರಿಯುತ್ತಾರೆ, ಆಮೇಲೆ ಒಡವೆ ಅಡ ಇಡುತ್ತಾರೆ. ಸಣ್ಣ ಮೊತ್ತಕ್ಕೆ ಸರಿಯಾಗಿ ಬಡ್ಡಿ ಕೊಡುವುದೇ ಈ ಆಟದ ಮೊದಲ ಖರ್ಚು.

ಓದಿದವರು, ಲೆಕ್ಕ ಗೊತ್ತಿರುವವರು ಮೋಸ ಹೋಗುವುದಿಲ್ಲ ಅನ್ನುವ ಭ್ರಮೆಯೂ ಬೇಡ. 1720ರಲ್ಲಿ ಲಂಡನ್ನಿನಲ್ಲಿ ಸೌತ್ ಸೀ ಕಂಪನಿಯ ಷೇರಿನ ಹುಚ್ಚು ಎದ್ದಾಗ ಐಸಾಕ್ ನ್ಯೂಟನ್ ಮೊದಲು ಲಾಭಕ್ಕೆ ಮಾರಿ ಹೊರಬಂದಿದ್ದರು. ಬೆಲೆ ಇನ್ನೂ ಏರುವುದನ್ನು ನೋಡಿ ಮತ್ತೆ ಒಳಗೆ ಹೋದರು, ದೊಡ್ಡ ಮೊತ್ತ ಕಳೆದುಕೊಂಡರು. ನ್ಯೂಟನ್‌ಗೆ ಗುಣಾಕಾರ ಬರುತ್ತಿರಲಿಲ್ಲವಾ? ಓದು ಜಾಸ್ತಿ ಇದ್ದಷ್ಟೂ, ಬೇಕಾದ ತೀರ್ಮಾನಕ್ಕೆ ಚೆಂದದ ಕಾರಣ ಕಟ್ಟುವ ಶಕ್ತಿಯೂ ಜಾಸ್ತಿ ಇರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಹಂತ 6: ಜೊತೆಗೆ ಒಬ್ಬರನ್ನು ಹುಡುಕಿ

ಆಶ್ ಅವರ ಪ್ರಯೋಗದ ಇನ್ನೊಂದು ಭಾಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ, ಗುಂಪಿನ ತಪ್ಪಿಗೆ ತಲೆಯಾಡಿಸುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಹತ್ತು ಜನ ಬೇಕಿಲ್ಲ, ಒಬ್ಬರು ಸಾಕು.

ಮೊದಲೇ ಹೇಳಿದ ಆ ಪರಿಚಯಸ್ಥರ ಹತ್ತಿರ ಹಾಳೆ ಇಟ್ಟುಕೊಂಡು ಹೋಗಿ. ಕೇಳುವ ರೀತಿ ಮುಖ್ಯ. "ಇದು ಚೆನ್ನಾಗಿದೆ ಅಲ್ವಾ?" ಅಂತ ಕೇಳಿದರೆ ಹೌದು ಅಂತಾರೆ. "ಇದರಲ್ಲಿ ನಾನು ನೋಡದೇ ಇರುವ ತಪ್ಪು ಏನಿದೆ, ಹೇಳಿ" ಅಂತ ಕೇಳಿ. ಮನೆಯಲ್ಲಿ ಹೆಂಡತಿಗೋ ಗಂಡನಿಗೋ ತಿಳಿಸದೆ ಹಾಕುವ ಯೋಚನೆ ಬಂದಿದ್ದರೆ, ಯಾಕೆ ಮುಚ್ಚಿಡಬೇಕು ಅನ್ನಿಸಿತು ಅಂತಲೂ ಯೋಚಿಸಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಹಂತ 7: ನೆಂಟಸ್ತನ ಕೆಡದ ಹಾಗೆ ಬೇಡ ಅನ್ನಿ

ಹೆಚ್ಚಿನವರಿಗೆ ಕಷ್ಟವಾಗುವುದು ಇದೇ. ಸ್ಕೀಮ್ ಸರಿಯಿಲ್ಲ ಅಂತ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು ವಾದಿಸಬೇಡಿ. ಸೋತರೆ ದುಡ್ಡು ಹೋಗುತ್ತದೆ, ಗೆದ್ದರೆ ಭಾವ ಹೋಗುತ್ತಾರೆ. ಕಾರಣವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಅದೂ ಸುಳ್ಳಿಲ್ಲದೆ:

"ಭಾವ, ನೀವು ನನ್ನ ಒಳ್ಳೇದಕ್ಕೇ ಹೇಳ್ತಿದೀರ, ಅದು ಗೊತ್ತು. ಆದ್ರೆ ರಿಸರ್ವ್ ಬ್ಯಾಂಕ್ ಪಟ್ಟಿಯಲ್ಲಿ ಹೆಸರಿಲ್ಲದ ಕಡೆ ದುಡ್ಡು ಇಡೋದಿಲ್ಲ ಅಂತ ಮನೆಯಲ್ಲಿ ಒಂದು ನಿಯಮ ಮಾಡ್ಕೊಂಡಿದೀವಿ."

"ಚಿಕ್ಕಪ್ಪ, ರಾತ್ರಿ ನಿದ್ದೆ ಕೆಡಿಸೋ ದುಡ್ಡು ನಂಗೆ ಬೇಡ. ನೀವೂ ಒಂದ್ಸಲ ಅಸಲು ವಾಪಸ್ ಕೇಳಿ ನೋಡಿ, ಏನಂತಾರೆ ಅಂತ."

"ದುಡ್ಡಿಲ್ಲ" ಅಂತ ನೆಪ ಹೇಳಬೇಡಿ. ದುಡ್ಡು ಬಂದಾಗ ಮತ್ತೆ ಕೇಳುತ್ತಾರೆ. "ಯೋಚನೆ ಮಾಡ್ತೀನಿ" ಅಂದರಂತೂ ಪ್ರತಿ ವಾರ ಫೋನು. ಒಂದೇ ಮಾತನ್ನು ಅದೇ ದನಿಯಲ್ಲಿ ಮೂರು ಸಲ ಹೇಳಿ, ಆಮೇಲೆ ಮಕ್ಕಳ ಪರೀಕ್ಷೆಯ ವಿಷಯ ಎತ್ತಿ. ಕೆಲವು ತಿಂಗಳು ನಿಮ್ಮನ್ನು ಪುಕ್ಕಲು ಅಂತಲೋ ಜಿಪುಣ ಅಂತಲೋ ಆಡಿಕೊಳ್ಳಬಹುದು. ಅದು ಕಟ್ಟಬೇಕಾದ ಬೆಲೆ, ಅಗ್ಗದ್ದೇ.

ಹಂತ 8: ಈಗಾಗಲೇ ಹಾಕಿದ್ದರೆ

ಮೊದಲು ಅಸಲು ವಾಪಸ್ ಕೇಳಿ. ಬಡ್ಡಿಯಲ್ಲ, ಅಸಲು. ಬರೆದು ಕೇಳಿ, ಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ. "ಸರ್ವರ್ ಅಪ್‌ಗ್ರೇಡ್ ಆಗ್ತಿದೆ", "ಇನ್ನಾರು ತಿಂಗಳು ಬಿಟ್ಟರೆ ಬೋನಸ್", "ತೆರಿಗೆ ಕಟ್ಟಿದರೆ ಬಿಡುಗಡೆ ಮಾಡ್ತೀವಿ" ಅಂದರೆ ಕಾಯಬೇಡಿ. ದುಡ್ಡು ಬಿಡಿಸಿಕೊಳ್ಳಲು ಇನ್ನಷ್ಟು ದುಡ್ಡು ಕಟ್ಟಲೇಬೇಡಿ.

ಈ ಹಂತದಲ್ಲಿ ಮನಸ್ಸು ವಿಚಿತ್ರವಾಗಿ ನಡೆದುಕೊಳ್ಳುತ್ತದೆ. 1954ರಲ್ಲಿ ಷಿಕಾಗೊ ಹತ್ತಿರ ಒಂದು ಸಣ್ಣ ಪಂಥದವರು ಡಿಸೆಂಬರ್ 21ಕ್ಕೆ ಪ್ರಳಯ, ನಮ್ಮನ್ನು ಮಾತ್ರ ಹಾರುವ ತಟ್ಟೆ ಬಂದು ಕರೆದುಕೊಂಡು ಹೋಗುತ್ತದೆ ಅಂತ ಕಾಯುತ್ತಿದ್ದರು. ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು ಒಳಗೆ ಸೇರಿಕೊಂಡು ನೋಡುತ್ತಿದ್ದರು. ತಟ್ಟೆಯೂ ಬರಲಿಲ್ಲ, ಪ್ರಳಯವೂ ಆಗಲಿಲ್ಲ. ಅವರಲ್ಲಿ ಕೆಲವರು ಕೆಲಸ ಬಿಟ್ಟು ಬಂದಿದ್ದರು. ಒಟ್ಟಿಗೆ ಕೂತು ಕಾದವರಲ್ಲಿ ಹೆಚ್ಚಿನವರು ನಂಬಿಕೆ ಬಿಡಲಿಲ್ಲ. ಅಲ್ಲಿಯವರೆಗೆ ಪತ್ರಿಕೆಯವರನ್ನು ದೂರ ಇಟ್ಟಿದ್ದವರು ತಾವಾಗಿಯೇ ಕರೆದು ಪ್ರಚಾರಕ್ಕೆ ಇಳಿದರು. ಬಡ್ಡಿ ನಿಂತ ಮೇಲೂ ಕಂಪನಿಯನ್ನು ಸಮರ್ಥಿಸುವ, "ಸುಮ್ನೆ ಗಾಬರಿ ಹುಟ್ಟಿಸಬೇಡಿ" ಅಂತ ಗ್ರೂಪಿನಲ್ಲಿ ಗದರಿಸುವ ಹಳೇ ಹೂಡಿಕೆದಾರರನ್ನು ನೋಡಿದ್ದೀರಲ್ಲ, ಅವರೆಲ್ಲ ಕಂಪನಿಯ ಆಳುಗಳಲ್ಲ, ಆ ಪಂಥದವರ ಹಾಗೆ ನಂಬಿಕೆ ಬಿಡಲಾಗದವರು. ಅವರ ಮಾತು ಕೇಳಿ ದೂರು ತಡಮಾಡಬೇಡಿ, ಅಷ್ಟೇ.

ಹೋದ ದುಡ್ಡನ್ನು ಎತ್ತಲು ಬೇರೆಯವರನ್ನು ಸೇರಿಸುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಗೊತ್ತಿದ್ದೂ ಸುಳ್ಳು ಹೇಳಿ ಇನ್ನೊಬ್ಬರನ್ನು ಇಂಥದ್ದಕ್ಕೆ ಎಳೆಯುವುದೂ ಅದರಲ್ಲಿ ಅಪರಾಧ.

ಆಮೇಲೆ ಕಾಗದ ಪತ್ರ. ರಸೀದಿ, ಬಾಂಡ್, ಬ್ಯಾಂಕ್ ಸ್ಟೇಟ್‌ಮೆಂಟು, ಏಜೆಂಟ್ ಜೊತೆಗಿನ ಚಾಟ್, ಮೀಟಿಂಗಿನ ಫೋಟೊ ಎಲ್ಲವನ್ನೂ ತೆಗೆದಿಡಿ. ಬಂದ ಬಡ್ಡಿಯ ಲೆಕ್ಕವನ್ನೂ ಇಡಿ, ಮುಚ್ಚಿಡಬೇಡಿ. ಗ್ರೂಪಿನಿಂದ ಸಿಟ್ಟು ಬಂದು ಹೊರಗೆ ಹೋಗುವ ಮುಂಚೆ ಚಾಟ್ ಇಳಿಸಿಕೊಳ್ಳಿ. ಆನ್‌ಲೈನಿನಲ್ಲಿ ಕಳಿಸಿದ ದುಡ್ಡಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಕಂಪನಿಯೇ ಮುಳುಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕದಲ್ಲಿ 2004ರ ಕಾಯ್ದೆಯಿದೆ. ಅದರಡಿ ಸರ್ಕಾರ ನೇಮಿಸುವ ಸಕ್ಷಮ ಪ್ರಾಧಿಕಾರ, ಅಂದರೆ ಕಂಪನಿಯ ಆಸ್ತಿ ಜಪ್ತಿ ಮಾಡಿಸಿ ಹಂಚುವ ಅಧಿಕಾರಿ, ಅರ್ಜಿ ಕರೆದಾಗ ಕೊನೇ ದಿನಾಂಕದೊಳಗೆ ಸಲ್ಲಿಸಬೇಕು. ಅರ್ಜಿ ಜೊತೆ ಜೆರಾಕ್ಸ್ ಪ್ರತಿ ಕೊಡಿ, ಮೂಲ ರಸೀದಿಯನ್ನು ಯಾರ ಕೈಗೂ ಕೊಡಬೇಡಿ, "ಬೇಗ ಮಾಡಿಸಿಕೊಡ್ತೀನಿ" ಅನ್ನುವ ಮಧ್ಯವರ್ತಿಗಂತೂ ಬೇಡವೇ ಬೇಡ. ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ.